ಆರು ಕಡೆ ಸಹಿ

ಮಾರ್ಚ್ 14, ಗುರುವಾರ

ಆ ಒಂದು ಮಾತು ನನ್ನ ಬಾಯಿಂದ ಹೇಗೆ ಬಂತೋ! ಆಗಿನಿಂದ ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಸಂಘದ ಶೆಡ್ಡಿನಲ್ಲಿ ಹೊಲಿಯುತ್ತ ಕೂತಿದ್ದೆವು. ಅಂಗಿಗಳಿಗೆ ಗುಂಡಿ ಹಾಕುವವಳು ಏದುಸಿರು ಬಿಡುತ್ತ ಬಂದಳು. ಶೆಡ್ಡು ಇರುವುದು ಅವಳ ಪಾಲಿನ ಜಾಗದಲ್ಲೇ. ಕೈಯಲ್ಲಿ ಕಾಗದದ ಕಟ್ಟು, ಬೆರಳಿಗೆಲ್ಲ ಪೆನ್ನಿನ ಮಸಿ.

"ಅಕ್ಕಾ, ಆಫೀಸಲ್ಲಿ ಹೆಬ್ಬೆಟ್ಟು ಒತ್ತು ಅಂದ್ರು. ನಾನ್ಯಾಕೆ ಒತ್ಲಿ? ಆರು ಕಡೆನೂ ಸಹಿ ಹಾಕ್ದೆ! ಶೆಡ್ಡಿಗೆ ಕರೆಂಟ್ ಎಳೆಸೋಕೆ ಬೇಕಂತೆ, ನಮ್ಮಣ್ಣ ಹೇಳ್ದ. ಹೇಗಿದೆ ನೋಡು."

ಓದಿದೆ. ಆಗಲೇ ನೋಂದಣಿಯಾದ ಪತ್ರದ ನಕಲು. ಅದರಲ್ಲಿ ಕರೆಂಟಿನ ಸುದ್ದಿಯೇ ಇಲ್ಲ. ಅಪ್ಪನ ಆಸ್ತಿಯಲ್ಲಿ ತನಗೆ ಬಂದ ಪಾಲನ್ನೆಲ್ಲ ಸ್ವಂತ ಇಚ್ಛೆಯಿಂದ ಅಣ್ಣನಿಗೆ ಬಿಟ್ಟುಕೊಟ್ಟಿದ್ದಾಳೆ. ಕೆಳಗೆ ಅವಳ ಹೆಸರು, ದುಂಡಗೆ, ಒಂದು ಕೊಂಬೂ ತಪ್ಪಿಲ್ಲ.

ಮೂರು ತಿಂಗಳು ಕೈ ಹಿಡಿದು ತಿದ್ದಿಸಿದವಳು ನಾನು. ನಮ್ಮ ಸಂಘದಲ್ಲಿ ಹೆಬ್ಬೆಟ್ಟಿನವರು ಒಬ್ಬರೂ ಇರಬಾರದೆಂಬ ಹಟ ನನಗೆ. ಓದುವುದನ್ನು ನಿಧಾನಕ್ಕೆ ಕಲಿತರಾಯಿತು ಎಂದವಳೂ ನಾನೇ. ಆಹಾ, ಘನಕಾರ್ಯ! ಹೆಬ್ಬೆಟ್ಟು ಒತ್ತುವವಳಾಗಿದ್ದರೆ ಯಾರಾದರೂ ಕಾಗದ ಓದಿ ಹೇಳಬೇಕಾಗುತ್ತಿತ್ತು. ಸಹಿ ಬಲ್ಲವಳಿಗೆ ಯಾರು ಓದಿ ಹೇಳುತ್ತಾರೆ? ನಾಳೆ ಎಲ್ಲಿಗೆ ಹೋಗಿ ಅತ್ತರೂ, "ನಿಂದೇ ಸಹಿ ತಾನೇ ಇದು?" ಅಷ್ಟೇ. ಅವಳಣ್ಣ ಶೆಡ್ಡಿಗೆ ಬೀಗ ಜಡಿದರೆ ಹತ್ತೊಂಬತ್ತು ಜನ ಹೆಂಗಸರು ಹೊಲಿಗೆ ಯಂತ್ರ ಹೊತ್ತು ಬೀದಿಗೆ.

ಅವರಿಗೆ ಅದೇನು ಗೊತ್ತು? ಕೆಲಸ ಬಿಟ್ಟು ಬಂದು ಸಹಿ ನೋಡಲು ಮುತ್ತಿಕೊಂಡರು. ಚಪ್ಪಾಳೆ ಬೇರೆ. ಅವಳು ಮಾತ್ರ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ ಕಣೇ" ಎಂದುಬಿಟ್ಟೆ.