ಗುಂಡಿ ನುಂಗಿದ ಮೊಮ್ಮಗಳು

ಮಾರ್ಚ್ ೧೪, ಗುರುವಾರ.

ನಾದಿನಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಮೊಮ್ಮಗಳು ಅಂಗಿಯ ಗುಂಡಿ ನುಂಗಿ ಜೋರಾಗಿ ಕೆಮ್ಮುತ್ತಿದ್ದಳು. ಕೆಮ್ಮಲು ಬಿಡು, ಬಾಯಿಗೆ ಕೈ ಹಾಕಬೇಡ ಎಂದು ನಾನು ಅಡ್ಡ ಬಂದೆ.

"ಸುಮ್ನಿರಿ ಭಾವ, ನಿಮ್ಮ ಕಥೆ ಕೇಳೋ ಹೊತ್ತಾ ಇದು?" ಎಂದವಳೇ ಬೆರಳು ತೂರಿಸಿದಳು. ಗುಂಡಿ ಒಳಕ್ಕೆ ಜಾರಿ ಕೆಮ್ಮೇ ನಿಂತು ಮಗುವಿಗೆ ಉಸಿರು ಕಟ್ಟಿತು. ಸೊಸೆ ಮಗುವನ್ನು ತೊಡೆಯ ಮೇಲೆ ತಲೆ ಕೆಳಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ ಬಡಿದದ್ದರಿಂದ ಗುಂಡಿ ಹೊರಬಿತ್ತು.

ಆಸ್ಪತ್ರೆಯಲ್ಲಿ ಮಗುವಿನ ಗಂಟಲಿನ ಗೀರು ನೋಡಿ ಡಾಕ್ಟರು, "ಯಾರ ಉಗುರಮ್ಮ ಇದು?" ಎಂದಾಗ ನಾದಿನಿ ಗೋಡೆ ನೋಡಿದಳು.

ಈಗ ಬಾಗಿಲಲ್ಲಿ ನಿಂತು ಪಕ್ಕದ ಮನೆಯ ಎಳೆಮಗುವಿನ ತಾಯಿಗೆ ಹೇಳುತ್ತಿದ್ದಾಳೆ: "ನಾನು ಬೆರಳು ಹಾಕಿದ್ದಕ್ಕೇ ಬಿತ್ತು ಕಣೇ. ಭಾವ ಬರೀ ಭಾಷಣ ಬಿಗೀತಿದ್ರು."

ಆ ತಾಯಿ ಹೂಂಗುಟ್ಟುತ್ತಿದ್ದಾಳೆ. ಊರೂರು ಕಥೆ ಹೇಳಿದವನು ನಾನು. ಹೂಂಗುಟ್ಟಿ ಕೇಳಿದ್ದನ್ನು ಯಾರೂ ಮರೆಯುವುದಿಲ್ಲ; ನಾಳೆ ತನ್ನ ಕೂಸು ಏನಾದರೂ ನುಂಗಿದರೆ ಅವಳೂ ಬೆರಳೇ ಹಾಕುತ್ತಾಳೆ. ಎದ್ದುಹೋಗಿ ಹೇಳೋಣವೆಂದರೆ, ಅವಳಿಗೂ ಈಗ ನಾನು ಭಾಷಣದ ಮುದುಕ. ಆದರೂ ಆ ಕೂಸಿನ ಗಂಟಲು...