ಬಾಂದುಗಲ್ಲಿನ ಚಿತ್ರ

ಜನವರಿ 20, ಸೋಮವಾರ

ಬೆಳಗ್ಗೆ ಪ್ರಾರ್ಥನೆ, ಗಣಿತ, ಆಮೇಲೆ ಬೈಬಲ್ ಪಾಠ. ಅನಿಕೇತ ನಡುವೆ ಮೂರು ಸಲ ನೀರು ಕುಡಿಯಲು ಎದ್ದ. ಏಳು ವರ್ಷದ ಹೊಟ್ಟೆಯಲ್ಲಿ ಅಷ್ಟು ನೀರು ಎಲ್ಲಿ ಹಿಡಿಯುತ್ತದೋ. ಅವನ ಅಕ್ಕ ಋತುಜಾ ಮಾತ್ರ ತಲೆ ಎತ್ತದೆ ಬರೆದಳು. ಮಕ್ಕಳಿಗೆ ಮನೆಯಲ್ಲೇ ಕಲಿಸುವ ಈ ಕೋರ್ಸು ಮಿರಜದಿಂದ ನನ್ನ ಅಣ್ಣ ಕಳಿಸಿದ್ದು, ಅವರ ಚರ್ಚಿನವರು ತರಿಸಿದ್ದು. ಪೂರ್ತಿ ಇಂಗ್ಲಿಷು. ಚಿತ್ರದಲ್ಲೆಲ್ಲ ಹಿಮ. ಶಿರಗುಪ್ಪಿಯ ಕಬ್ಬಿನಲ್ಲಿ ಹಿಮ ಎಲ್ಲಿಂದ ತರಲಿ? ಕನ್ನಡದಲ್ಲಿ ಹೇಳಿ, ಅರ್ಧ ಮರಾಠಿ ಬೆರೆಸಿ, ಹೇಗೋ ದಬ್ಬುತ್ತೇನೆ.

ಊಟಕ್ಕೆ ಕೂತಾಗ ಮಾವನದು ಮತ್ತೆ ಅದೇ ರಾಗ. "ಜೂನಕ್ಕ ಋತೂನ್ನ ಶಾಲಿಗೆ ಹಾಕೋಣು. ಹನ್ನೊಂದ ವರ್ಷದ ಹುಡುಗಿ, ಮನ್ಯಾಗ ಎಷ್ಟ ದಿನ ಕುಂದರಸ್ತಿ?"

ಹೋದ ವರ್ಷ ಶಾಲೆಯಲ್ಲಿ ಅವಳಿಗೆ ಫಿಟ್ಸ್ ಬಂದಾಗ ಯಾರೋ ಮೂಗಿಗೆ ಚಪ್ಪಲಿ ಹಿಡಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಈಗಲೂ ಶಾಲೆ ಎಂದರೆ ಉಗುರು ಕಚ್ಚುತ್ತಾಳೆ. ನಾನು ಕಳಿಸುವುದಿಲ್ಲ. ಆದರೆ ಮನೆ ಮಾವನದು, ಹೊಲ ಮಾವನದು, ಮಾತೂ ಅವರದೇ. ನನ್ನ ಗಂಡ ವಿಶಾಲ ಅಪ್ಪನೆದುರು ಬಾಯಿ ಬಿಡುವವನಲ್ಲ. ಕೊನೆಗೆ ಮಾವ ಒಂದು ಷರತ್ತು ಹಾಕಿದರು — ಋತು ಪ್ರತಿ ಭಾನುವಾರ ಕಲಿತದ್ದನ್ನು ತೋರಿಸಬೇಕು. ಅವರಿಗೆ ಒಪ್ಪಿಗೆಯಾದರೆ ಮನೆ, ಇಲ್ಲದಿದ್ದರೆ ಶಾಲೆ.

ಜನವರಿ 27

ಈ ವಾರದ ಪಾಠ: ನೆರೆಯವನ ಗಡಿಕಲ್ಲು ಸರಿಸಬಾರದು. ಚಟುವಟಿಕೆ: ನಿಮ್ಮ ಹತ್ತಿರದ ಗಡಿಕಲ್ಲು ಹುಡುಕಿ, ಚಿತ್ರ ಬರೆಯಿರಿ. ಅಬ್ಬಾ, ಹಿಮ ಇಲ್ಲದ ಪಾಠ! ಕಲ್ಲಿನ ಚಿತ್ರ ಕಂಡರೆ ಮಾವನಿಗೂ ಖುಷಿ. ಹೊಲದ ಮನುಷ್ಯ.

ಮಕ್ಕಳಿಬ್ಬರೂ ಬದುವಿನ ಮೇಲೆ ಸಂಜೆತನಕ ಓಡಾಡಿದರು. ಕಲ್ಲು ಸಿಗಲಿಲ್ಲ. "ಕಳುವಾಗೇತಿ," ಎಂದ ಅನಿ.

ಜನವರಿ 29, ಅಮಾವಾಸ್ಯೆ, ಮಧ್ಯಾಹ್ನ

ಕಲ್ಲು ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಪಕ್ಕದ ಹೊಲದ ಮಲಕಾರಿಯ ತಾಯಿ ಸತ್ತೆವ್ವ, ತಟ್ಟೆಯಲ್ಲಿ ಭಂಡಾರ, ಕಾಯಿ ಹಿಡಿದು ನಮ್ಮ ಕಬ್ಬಿನೊಳಗೆ ನುಗ್ಗಿದ್ದನ್ನು ಮಕ್ಕಳು ನೋಡಿ ಹಿಂದೆ ಹೋಗಿದ್ದಾರೆ. ಋತು ಓಡಿ ಬಂದಳು. "ಮಮ್ಮಿ, ಕಲ್ಲ ನಮ್ಮ ಕಬ್ಬಿನಾಗ ಐತಿ. ನಾಕ ಸಾಲ ಒಳಗ!"

ಹೋಗಿ ನೋಡಿದೆ. ಮೊಣಕಾಲೆತ್ತರದ ಕಲ್ಲು, ಮೈತುಂಬ ಅರಿಶಿಣದ ಭಂಡಾರ. ಈ ಕಡೆ ನಮ್ಮ ಕಬ್ಬು, ಆ ಕಡೆಯೂ ನಮ್ಮ ಕಬ್ಬು. ಕಲ್ಲನ್ನು ಯಾರೂ ಸರಿಸಿಲ್ಲ. ನೇಗಿಲು ಅದನ್ನು ದಾಟಿದೆ, ಬದು ಮಲಕಾರಿಯ ಕಡೆ ಜರುಗಿದೆ.

"ಯಾಕ್ರಿ ಆಯಿ, ಯಾರಿಗೂ ಏನೂ ಅಂದಿಲ್ಲಲ್ಲ?" ಎಂದೆ.

"ಏನ ಅನ್ನೂದವಾ. ನಮ್ಮ ಕುರಿ ನಿಮ್ಮ ಹೊಲದಾಗ ಮೇಯತಾವ. ನಾಳೆ ಬ್ಯಾಡಂದ್ರ ಎಲ್ಲಿಗಿ ಹೊಡಕೊಂಡ ಹೋಗೂದು? ಕಲ್ಲಿಗಿ ಗೊತ್ತೈತಿ, ಸಾಕ."

ಅನಿಯ ಕೈಗೆ ಕೊಬ್ಬರಿ ಚೂರು ಕೊಟ್ಟು ಹೋದಳು.

ಜನವರಿ 31

ಋತು ಚಿತ್ರ ಮುಗಿಸಿದಳು. ನಡುವೆ ಹಳದಿ ಕಲ್ಲು, ಎರಡೂ ಕಡೆ ಕಬ್ಬು. ಗರಿ ಗರಿಯೂ ಬರೆದಿದ್ದಾಳೆ. ಭಾನುವಾರ ಇದನ್ನು ಮಾವನ ಮುಂದೆ ಹಿಡಿದರೆ ಮುಗಿಯಿತು — "ನಿನ್ನ ಬೈಬಲ್ಲು ನನ್ನ ಮನ್ಯಾಗ ನನ್ನನ್ನ ಕಳ್ಳ ಮಾಡ್ತೇನ?" ಎನ್ನುತ್ತಾರೆ. ಜೂನ್ ತನಕವೂ ಕಾಯುವುದಿಲ್ಲ.

"ಒಂದ ಕಡೆ ಕಬ್ಬ ಇರಲಿ. ಇನ್ನೊಂದ ಕಡೆ ಬದು ಹಾಕು," ಎಂದೆ.

"ಆದ್ರ ಹಂಗ ಇಲ್ಲಲ್ಲ ಮಮ್ಮಿ."

"ಚಿತ್ರ ಚಂದ ಕಾಣ್ತೈತಿ, ಹಾಕು."

ಪೆನ್ಸಿಲ್ ಮುಟ್ಟಲಿಲ್ಲ. ನಾನೇ ರಬ್ಬರ್ ತೆಗೆದುಕೊಂಡು ತಿಕ್ಕಿದೆ, ನಾನೇ ಬದು ಗೀಚಿದೆ. ಹಾಳೆ ಮಾಸಿತು. ಮೇಲುಗಡೆ ಅವಳ ಗುಂಡು ಅಕ್ಷರದಲ್ಲಿ ವಾರದ ವಚನ. ನನಗೆ ನಾಚಿಕೆಯಾಗಿದೆ. ಆದರೂ ಸರಿ ಎಂದು ಟಿಕ್ ಹಾಕಿದೆ.

ಫೆಬ್ರವರಿ 2, ಭಾನುವಾರ

ಊಟ ಮುಗಿಸಿ ಕೂತಲ್ಲೇ ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಾಸಿದ ಜಾಗಕ್ಕೆ ಹೆಬ್ಬೆರಳು ಒತ್ತಿದರು.

"ಇಲ್ಲಿ ಏನಿತ್ತ, ಬಾಳಾ?"

"ಕಬ್ಬ ಇತ್ತ, ಅಜ್ಜಾ."

"ಯಾರ ಅಳಿಸಿದ್ರು?"

ಋತು ಕಾಲ ಬೆರಳು ನೋಡುತ್ತ ನಿಂತಳು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮಾವ ನನ್ನ ಮುಖ ನೋಡಿದರು, ತಾಟಿನಲ್ಲೇ ಕೈ ತೊಳೆದು ಎದ್ದು ಹೋದರು.

ಫೆಬ್ರವರಿ 19

ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ಮಾವ ಮಾತಾಡುವುದು ಕಮ್ಮಿ. ಭಾನುವಾರ ಪುಸ್ತಕ ಕೇಳುವುದನ್ನೂ ಬಿಟ್ಟಿದ್ದಾರೆ. ಮೌನ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ಜೀವ ಹಿಡಿ ಆಗಿದೆ.

ಇವತ್ತು ಗ್ಯಾಂಗಿನವರು ಕಬ್ಬು ಕಡಿದು ಮುಗಿಸಿದರು. ಹೊಲ ಬಟಾಬಯಲು. ರಸ್ತೆಯಿಂದಲೇ ಹಳದಿ ಕಲ್ಲು ಕಾಣುತ್ತದೆ.

ಮಾರ್ಚ್ 3, ಸಂಜೆ

ಮರೆಯುವ ಮುಂಚೆ ಬರೆದುಬಿಡುತ್ತೇನೆ. ಬೆಳಗ್ಗೆ ಟ್ರ್ಯಾಕ್ಟರಿನ ರಾಜಾರಾಮ ಬಂದ. "ಸಾವಕಾರ್ರ, ಎಲ್ಲಿತನಾ ಹೊಡೀಲ್ರಿ?" ಎಂದು ಕೇಳಿದ. ಮಾವ ಋತುವನ್ನು ಪುಸ್ತಕದ ಸಮೇತ ಕರೆಸಿದರು. ನಾನೂ ಹಿಂದೆಯೇ ಓಡಿದೆ. ಮಾವ ಚಿತ್ರ ತೆರೆದು ರಾಜಾರಾಮನ ಮುಂದೆ ಹಿಡಿದರು.

"ಇದರಾಗ ಇದ್ದಂಗ ಹೊಡಿ. ಕಲ್ಲಿನ ತನಾ ನಮ್ದು. ಬದು ಕಲ್ಲಿಗಿ ಬರಬೇಕ."

ವಿಶಾಲ ಬಾಯಿ ತೆರೆದ. "ಅಪ್ಪಾ, ನಾಕ ಸಾಲ..."

"ಎರಡ ನಮ್ಮಪ್ಪ ಒತ್ತಿದ್ದ. ಎರಡ ನಾ ಒತ್ತೀನಿ. ನಿನಗ ಉಳಸಾಂಗಿಲ್ಲ."

ಆಚೆ ಕುರಿ ಬಿಟ್ಟುಕೊಂಡು ನಿಂತಿದ್ದ ಮಲಕಾರಿ ತಲೆಯ ಟವೆಲು ತೆಗೆದ. ಸತ್ತೆವ್ವ ಕಣ್ಣೊರೆಸಿಕೊಂಡಳು.

ಋತು ನನ್ನ ಸೆರಗು ಎಳೆದಳು. "ಮಮ್ಮಿ, ಈಗ ನಮ್ಮ ಚಿತ್ರ ಖರೇ ಆತಲ್ಲಾ?"

ಅಲ್ಲೇ ಕುಕ್ಕರಗಾಲಲ್ಲಿ ಕೂತು, ತಪ್ಪಾಯಿತು ಎಂದೆ. ನನ್ನ ಕೆನ್ನೆಗೆ ಮಣ್ಣಿನ ಕೈ ಹಚ್ಚಿ ನಕ್ಕಳು.

ಈಗ ಚಹಾ ಕೊಡುವಾಗ ಮಾವ ಮಾತು ತೆಗೆದರು. "ಪ್ರಾಜಕ್ತಾ, ಹುಡುಗಿ ಮನ್ಯಾಗ ಕಲೀಲಿ. ಜೂನ್ ಮಾತ ಬಿಡು."

ಕಣ್ಣು ತುಂಬಿತು.

"ಆದ್ರ ಒಂದ ಹೇಳ ಆಕಿಗೆ," ಎಂದರು.

"ಏನ್ರಿ ಮಾಮಾ?"

"ರಬ್ಬರ ನಿನ್ನ ಕೈಯಾಗ ಕೊಡಬ್ಯಾಡಂತ."

ಮಾರ್ಚ್ 4, ಬೆಳಗ್ಗೆ

ಹೊಸ ಪಾಠ. ಚಿತ್ರದಲ್ಲಿ ಮತ್ತೆ ಹಿಮ. ಅನಿ ಈಗಾಗಲೇ ಎರಡು ಸಲ ನೀರಿಗೆ ಎದ್ದಿದ್ದಾನೆ. ಋತು ಪೆನ್ಸಿಲು, ಸ್ಕೇಲು ಎಲ್ಲ ಜೋಡಿಸಿಟ್ಟುಕೊಂಡಳು. ರಬ್ಬರ್ ಎಲ್ಲಿ ಎಂದೆ. ಅಜ್ಜನ ಕಿಸೆಯಲ್ಲಿದೆಯಂತೆ, ಬೇಕಾದರೆ ಹೋಗಿ ಕೇಳಬೇಕಂತೆ. ನಾನು ಪೆನ್ಸಿಲು ಚೂಪು ಮಾಡಿ ಅವಳ ಕೈಗೆ ಕೊಟ್ಟೆ.