ಆಡಿಸೋದೂ ಇಲ್ಲ, ಬಿಡೋದೂ ಇಲ್ಲ

೬-೬-೧೯೭೬, ಭಾನುವಾರ

ಇವತ್ತೂ ಬಸ್ಸಲ್ಲಿ ನಿಂತೇ ಬಂದದ್ದು. ಎಮರ್ಜೆನ್ಸಿ ಬಂದ ಮೇಲೆ ಎಲ್ಲಾ ಟೈಮಿಗೆ ಸರಿಯಾಗಿ ಓಡ್ತಿದೆ ಅಂತಾರೆ. ದೇವನಹಳ್ಳಿ ಬಸ್ಸಿಗೆ ಮಾತ್ರ ಯಾರೂ ಹೇಳಿದಂತಿಲ್ಲ.

ಜೂಬಿಲಿ ಕ್ಲಬ್ಬಿನ ಫುಟ್‌ಬಾಲ್ ಟ್ರಯಲ್ ಮುಗೀತು. ಬೆಂಗಳೂರಲ್ಲಿ ದಂಡಿನ ಕಡೆ ದೊಡ್ಡ ಗ್ರೌಂಡು, ಒಳ್ಳೆ ಹುಲ್ಲು, ಹುಡುಗೀರು ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ರೂಮು. ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನ. ಆದರೆ ಬೂಟಿಲ್ಲದೆ ಆಡಿಸಲ್ಲ ಅಂದರು. ಮಗಳು ಮುನಿಲಕ್ಷ್ಮಿ ಬರಿಗಾಲಲ್ಲಿ ಆಡಿದವಳು — ಕೋಟೆ ಮೈದಾನದಲ್ಲಿ ಗಂಡುಹುಡುಗರ ಜೊತೆ, ಚೆಂಡು ಸಿಗದ ದಿನ ಹಿತ್ತಲಲ್ಲಿ ಉದುರಿದ ಚಕ್ಕೋತದ ಜೊತೆ. ಯಾರದೋ ಬೂಟು ಕೊಟ್ಟರು. ಅವಳ ಕಾಲು ಅದರೊಳಗೆ ಅಲ್ಲಾಡ್ತಿತ್ತು. ಓಡಿದಳು, ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಬೆಂಚಿನ ಮೇಲಿದ್ದ ಹುಡುಗೀರು ಬಾಯಿ ಮುಚ್ಚಿಕೊಂಡು ನಕ್ಕರು.

ಸೆಕ್ರೆಟರಿ ನನ್ನ ಕೇಳಿದ್ದು ಆಟದ ವಿಷಯ ಅಲ್ಲ. ಮನೆಯವರಿಗೆ ಎಲ್ಲಿ ಕೆಲಸ, ಹುಡುಗಿಗೆ ಇಂಗ್ಲಿಷ್ ಬರುತ್ತಾ, ದೇವನಹಳ್ಳಿ ಅಂದರೆ ಎಷ್ಟು ದೂರ. ತಿಳಿಸ್ತೀವಿ ಅಂದರು. ಅಂದರೆ ಇಲ್ಲ ಅಂತ. ಟೀಚರ್ ಕೆಲಸದಲ್ಲಿ ನಾನೂ ಎಷ್ಟು ಜನಕ್ಕೆ ತಿಳಿಸ್ತೀವಿ ಅಂದಿಲ್ಲ.



೯-೬-೭೬

ಸಂಜೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಪಿಳ್ಳಪ್ಪ ಬಂದಿದ್ದರು. ಈ ಹುಚ್ಚು ಹತ್ತಿಸಿದವರೇ ಅವರು. ಬೆಂಗಳೂರಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ ಶುರುವಾಗಿದೆ, ಈ ಹುಡುಗಿನ ಮನೇಲಿ ಕೂರಿಸೋದು ಪಾಪ ಅಂತ ನಮ್ಮ ಜಗುಲಿ ಮೇಲೆ ಕೂತು ಭಾಷಣ ಮಾಡಿದ್ದರು. ಈಗ ಇನ್ನೊಂದು ಟೀಮಿನ ವಿಷಯ ತಂದರು. ಮರ್ಫಿ ಟೌನ್ ಹತ್ತಿರ ಬೈಲಪ್ಪ ಅಂತ, ಮಿಲಿಟರಿಯಿಂದ ರಿಟೈರಾದ ಹವಾಲ್ದಾರರು, ಹೊಸಕೋಟೆ ಕಡೆಯವರು. ಬಡವರ ಮಕ್ಕಳನ್ನ ಸೇರಿಸಿ ಟೀಮು ಕಟ್ಟಿದ್ದಾರಂತೆ.

ನಮ್ಮ ಯಜಮಾನರು ಫ್ಯಾಕ್ಟರಿಯಿಂದ ಬಂದವರೇ, ಸೇರಿದರೆ ಜೂಬಿಲಿ, ಇಲ್ಲದಿದ್ದರೆ ಸುಮ್ಮನೆ ಎಸ್ಸೆಸ್ಸೆಲ್ಸಿ ಓದಲಿ ಅಂದರು. ಅತ್ತೆಯದು ಒಂದೇ ಪಲ್ಲವಿ — ಚಡ್ಡಿ ಹಾಕ್ಕೊಂಡು ಓಡಿದೋಳನ್ನ ಯಾರು ಮದುವೆ ಆಗ್ತಾರೆ. ಎಲ್ಲರಿಗೂ ಒಂದೊಂದು ಅಭಿಪ್ರಾಯ. ಬಸ್ಸಲ್ಲಿ ನಿಲ್ಲೋಳು ನಾನು.

೧೩-೬-೭೬, ಭಾನುವಾರ

ಮರ್ಫಿ ಟೌನಿಗೆ ಹೋಗಿಬಂದ್ವಿ. ಇವರಿಗೆ ಯಲಹಂಕದ ತಂಗಿ ಮನೆ ಅಂತ ಹೇಳಿದೆ.

ಗ್ರೌಂಡು ಅಂತ ಹೆಸರಿಗೆ. ಒಂದು ಕಡೆ ಮೋರಿ, ಇನ್ನೊಂದು ಕಡೆ ಹೆಂಡದಂಗಡಿ. ಧೂಳಲ್ಲಿ ಚೆಂಡೇ ಕಾಣಲ್ಲ. ಹುಡುಗೀರು ತಮಿಳು, ಕನ್ನಡ ಎಲ್ಲಾ ಕಲಸಿ ಅರಚ್ತಾರೆ. ಬಟ್ಟೆ ಬದಲಾಯಿಸೋಕೆ ಜಾಗ ಕೇಳಿದೆ. ನಾಲ್ಕು ಹುಡುಗೀರು ಸೀರೆ ಅಡ್ಡ ಹಿಡಿದರು. ಅಷ್ಟೇ.

ಬೈಲಪ್ಪ ನನ್ನ ಏನೂ ಕೇಳಲಿಲ್ಲ. ಕುರ್ಚಿನೂ ಇಲ್ಲ, ಕಲ್ಲಿನ ಮೇಲೆ ಕೂತೆ. ಮುನಿ ಬರಿಗಾಲಲ್ಲಿ ಇಳಿದಳು. ಒಂದು ಗೋಲು ಹೊಡೆದಳು, ಮಂಡಿ ಕಿತ್ತುಕೊಂಡಳು. ಬೈಲಪ್ಪ ಬಯ್ಯೋದು ಮೋರಿ ಆಚೆಗೂ ಕೇಳ್ತಿತ್ತು. ಗೋಲು ಹೊಡೆದದ್ದಕ್ಕೂ ಬಯ್ದರು — ಪಕ್ಕದಲ್ಲಿ ಇನ್ನೊಬ್ಬಳು ಖಾಲಿ ನಿಂತಿದ್ದಳಂತೆ.

ಆಮೇಲೆ ನನ್ನ ಹತ್ತಿರ ಬಂದರು.

“ಓಡ್ತಾಳೆ, ಒದೀತಾಳೆ. ತಲೆ ಎತ್ತಲ್ಲ. ಚೆಂಡು ನೋಡ್ತಾಳೆ, ಆಟ ನೋಡಲ್ಲ. ನನ್ನ ಹತ್ರ ಬಿಟ್ರೆ ಎತ್ತಿಸ್ತೀನಿ. ಒಂದು ವರ್ಷ ಬೇಕು.”

ನಾನು ತಂದಿದ್ದ ಚಕ್ಕೋತ ಆ ಹುಡುಗೀರು ಅಲ್ಲೇ ಒಡೆದು ತಿಂದರು. ಮುನಿಯೂ ಅವರ ಮಧ್ಯೆ ಕೂತು, ರಕ್ತ ಸುರಿಯೋ ಮಂಡಿ ಮೇಲೆ ಮಣ್ಣು ಮೆತ್ತಿಕೊಂಡು ನಗ್ತಿದ್ದಳು.

ಬಸ್ಸು ತಪ್ಪಿತು. ಹೆಬ್ಬಾಳದಿಂದ ತರಕಾರಿ ಲಾರಿ. ಮನೆಗೆ ಬಂದಾಗ ಇವರು ಬಾಗಿಲಲ್ಲೇ ನಿಂತಿದ್ದರು. ಯಲಹಂಕದ ಸುಳ್ಳು ಮಂಡಿ ನೋಡಿದ ಕೂಡಲೇ ಹೋಯ್ತು. ಇದ್ದದ್ದು ಇದ್ದಂಗೆ ಹೇಳಿದೆ. ಹೆಂಡದಂಗಡಿ ಪಕ್ಕದಲ್ಲಿ ಮಗಳನ್ನ ಕುಣಿಸಿಕೊಂಡು ಬಂದೆಯಾ ಅಂದರು. ಹೆಂಡದಂಗಡಿ ಇದ್ದದ್ದು ನಿಜ.

೧೭-೬-೭೬

ಜೂಬಿಲಿಯಿಂದ ಕಾರ್ಡು. ಸೆಲೆಕ್ಟ್ ಆಗಿದ್ದಾಳೆ!

ಇವರು ಕಾರ್ಡನ್ನ ಫ್ಯಾಕ್ಟರಿಗೂ ತಗೊಂಡು ಹೋಗ್ತಾರಂತೆ. ಅತ್ತೆ ಕೂಡ ಪಕ್ಕದ ಮನೆ ಲಕ್ಕಮ್ಮನಿಗೆ, ದೊಡ್ಡ ದೊಡ್ಡ ಆಫೀಸರ ಮಕ್ಕಳು ಆಡೋ ಜಾಗ ಅಂತ ಹೇಳಿದ್ದು ಕೇಳಿಸಿತು. ಮುನಿ ಕಾರ್ಡು ಓದಿ ಗೂಡಲ್ಲಿಟ್ಟಳು. ಖುಷಿ ಇಲ್ವೇನೇ ಅಂದರೆ, ಇದೆ ಅಂದಳು.

ಒಂದು ಸಲ ಸೇರಿದರೆ ಆ ಸೀಸನ್ನು ಬೇರೆ ಟೀಮಿಗೆ ಆಡೋ ಹಾಗಿಲ್ಲ. ಮಾರ್ಚ್ ಕೊನೆವರೆಗೂ. ಇರಲಿ. ಬೇರೆ ಟೀಮು ಯಾಕೆ ಬೇಕು. ಭಾನುವಾರ ಹೋಗಿ ಸಹಿ ಹಾಕಿ ಬರಬೇಕು.

೧೮-೭-೭೬, ಭಾನುವಾರ

ಇವತ್ತೂ ಹೊರಗೆ ಕೂರಿಸಿದರು. ಎಕ್ಸ್‌ಟ್ರಾ ಅಂತೆ. ಸೇರಿದ ದಿನದಿಂದ ಎಕ್ಸ್‌ಟ್ರಾನೇ. ಪ್ರಾಕ್ಟೀಸಲ್ಲಿ ಎಲ್ಲರ ಜೊತೆ ಓಡಿಸ್ತಾರೆ. ಟೀಮು ಎರಡು ಭಾಗ ಮಾಡುವಾಗ ಇವಳು ಗೆರೆ ಆಚೆ. ಚೆಂಡು ದೂರ ಹೋದರೆ ಓಡಿ ತರೋಳು ಇವಳು.

ನಾನು ಗೋಡೆ ಮೇಲೆ ಕೂತು ಕಾಪಿ ಪುಸ್ತಕ ತಿದ್ದಿದೆ. ತಿದ್ದಿದ್ದೇ ಎರಡು ಸಲ ತಿದ್ದಿದೆ. ಬೂಟು ಹೊಸದು, ಅದರ ತಳದಲ್ಲಿ ಹುಲ್ಲಿನ ಎಸಳೂ ಅಂಟಿಲ್ಲ.

೮-೮-೭೬, ಭಾನುವಾರ

ಸೆಕ್ರೆಟರಿಯನ್ನ ಕೇಳಿಯೇಬಿಟ್ಟೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. ಆ ಮರ್ಯಾದೆ ಕಂಡರೇ ಮೈ ಉರಿಯುತ್ತೆ. ಹುಡುಗೀಲಿ ಟ್ಯಾಲೆಂಟ್ ಇದೆ, ಪೇಷನ್ಸ್ ಬೇಕು, ಆಟದಲ್ಲಿ ಕೂಗೋ ಇಂಗ್ಲಿಷ್ ಅವಳಿಗೆ ಅರ್ಥ ಆಗಲ್ಲ, ಕನ್‌ಫ್ಯೂಷನ್ ಆಗುತ್ತೆ. ಉದಾಹರಣೆಗೆ “ಮ್ಯಾನ್ ಆನ್” ಅಂತ ಕೂಗ್ತಾರಂತೆ.

ಬಸ್ಸಲ್ಲಿ ಮುನೀನ ಕೇಳಿದೆ, ಹುಡುಗೀರ ಆಟದಲ್ಲಿ ಮ್ಯಾನ್ ಎಲ್ಲಿಂದ ಬಂದ ಅಂತ.

“ಹಿಂದಗಡೆ ಯಾರೋ ಬರ್ತಾವ್ರೆ ಅಂತ ಅರ್ಥ ಅಮ್ಮ. ನಂಗೆ ಮೊದಲ ದಿನಾನೇ ಗೊತ್ತಾಯ್ತು.”

ಕಿಟಕಿ ಕಡೆ ತಿರುಗಿಬಿಟ್ಟಳು.

ಒಂದು ಮಾತು ಒಪ್ಪಬೇಕು. ಆಡೋ ಹುಡುಗೀರು ಕೆಟ್ಟದಾಗೇನೂ ಆಡಲ್ಲ. ಕಮಿಟಿಯವರ ಮಕ್ಕಳು ಇದ್ದಾರೆ, ಚೆನ್ನಾಗೇ ಕಲಿತಿದ್ದಾರೆ. ಆದರೆ ನಮ್ಮವಳು ಅವರಿಗಿಂತ ಮೇಲೋ ಕೆಳಗೋ ಗೊತ್ತಾಗೋದು ಹೇಗೆ, ಇಳಿಸದೇ ಇದ್ದರೆ?

೨೬-೮-೭೬

ಕೋಟೆ ಮೈದಾನಕ್ಕೂ ಹೋಗ್ತಿಲ್ಲ. ಹುಡುಗರು ಬಂದು ಕರೆದರು. ತಲೆನೋವು ಅಂದಳಂತೆ. ಅತ್ತೆಗೆ ಖುಷಿ — ಹುಡುಗಿ ದಾರಿಗೆ ಬಂದಳು, ರೊಟ್ಟಿ ತಟ್ಟೋದು ಕಲೀತಿದ್ದಾಳೆ ಅಂತ. ತಟ್ಟಿದ ರೊಟ್ಟಿ ನೋಡಿದೆ. ಕೈಯಲ್ಲಿ ಕೋಪ ಇತ್ತು, ಹರಿದುಹೋಗಿತ್ತು.

ಭಾನುವಾರ ನಾನು ಬರಲ್ಲ ಅಮ್ಮ ಅಂದಳು. ಬಯ್ದೆ. ನಿನಗೋಸ್ಕರ ತಾನೇ ಅಂದೆ. ಅಂದ ಮೇಲೆ ಬೇಜಾರಾಯ್ತು.

೫-೯-೭೬, ಭಾನುವಾರ

ಒಬ್ಬಳೇ ಹೋದೆ. ಆಡಿಸದಿದ್ದರೆ ಬಿಟ್ಟುಬಿಡಿ, ಬೇರೆ ಕಡೆ ಸೇರಿಸ್ಕೋತೀನಿ ಅಂತ ಹೇಳೋಕೆ.

ಹೊರಗೆ ಕಾಯಿಸಿದರು. ಕೊನೆಗೆ ಸೆಕ್ರೆಟರಿ ಒಳಗೆ ಕರೆದು ಟೀ ತರಿಸಿದರು. ರಿಲೀಸ್ ಕೊಡೋಕಾಗಲ್ಲ ಅಂದರು. ಯಾಕೆ ಅಂದೆ. ರೂಲ್ಸು ಅಂದರು. ರೂಲ್ಸಲ್ಲಿ ಕ್ಲಬ್ಬು ಒಪ್ಪಿದರೆ ಬಿಡಬಹುದು ಅಂತ ಪಿಳ್ಳಪ್ಪ ಮೇಷ್ಟ್ರು ಹೇಳಿದ್ದಾರೆ ಅಂದೆ. ಆಗ ಆ ಮನುಷ್ಯ ನಕ್ಕರು. ಕೆಟ್ಟ ನಗು ಅಲ್ಲ, ಮಗುಗೆ ಹೇಳೋ ಹಾಗೆ.

“ನೋಡಿ ಅಮ್ಮ, ಇವತ್ತು ಬಿಟ್ಟರೆ ನಾಳೆ ಬೈಲಪ್ಪನ ಕಡೆಯಿಂದ ಬಂದು ನಮಗೇ ಗೋಲ್ ಹೊಡೀತಾಳೆ.”

ಟೀ ಕುಡಿಯದೆ ಎದ್ದುಬಂದೆ.

ಬಂದವಳೇ ಪಿಳ್ಳಪ್ಪ ಮೇಷ್ಟ್ರ ಮನೆಗೆ. ಬೈಲಪ್ಪನ ವಿಷಯ ಜೂಬಿಲಿಯವರಿಗೆ ಹೇಗೆ ಗೊತ್ತು ಅಂದೆ. ಪಾಪ, ಮುಖ ಬಿಳಿಚಿಕೊಂಡಿತು. ತಾವೇ ಹೇಳಿದ್ದಂತೆ. ನಾವು ಮರ್ಫಿ ಟೌನಿಗೆ ಹೋಗಿಬಂದ ಮಾರನೇ ದಿನ, ಬೈಲಪ್ಪ ತಗೋತಾರಂತೆ ಅಂದರೆ ಜೂಬಿಲಿಯವರು ಬೇಗ ತೀರ್ಮಾನ ಮಾಡ್ತಾರೆ ಅಂತ. ಮಾಡಿದರು. ತಮಗೆ ಬೇಕು ಅಂತ ತಗೊಳ್ಳಲಿಲ್ಲ, ಬೈಲಪ್ಪನಿಗೆ ಸಿಗಬಾರದು ಅಂತ ತಗೊಂಡರು. ಅಂಗಡಿ ಮಾಲಿನ ಹಾಗೆ ಒಳಗಿಟ್ಟು ಬೀಗ.

ಆಡಿಸೋದೂ ಇಲ್ಲ, ಬಿಡೋದೂ ಇಲ್ಲ.

೬-೯-೭೬

ಇವರಿಗೆ ಹೇಳಿದೆ. ಕೂಗಾಡ್ತಾರೆ ಅಂದುಕೊಂಡಿದ್ದೆ. ಕೂಗಲಿಲ್ಲ. ಫ್ಯಾಕ್ಟರೀಲಿ ಪ್ರತಿ ಸೋಮವಾರ ಎಷ್ಟು ಗೋಲ್ ಬೈರಣ್ಣ ಅಂತ ಕೇಳ್ತಾರೆ ಅಂದರು. ಏನು ಹೇಳ್ತಿದ್ದಿರಿ ಅಂದೆ. ಒಂದೊಂದು ವಾರ ಒಂದು, ಒಂದೊಂದು ವಾರ ಎರಡು ಅಂದರು.

ನಗೋದಾ ಅಳೋದಾ. ಎರಡೂ ಮಾಡಲಿಲ್ಲ. ಸಾರು ಬಡಿಸಿದೆ.

೧೧-೯-೭೬, ಶನಿವಾರ

ಇವರೇ ರಜಾ ಹಾಕಿ ಜೂಬಿಲಿಗೆ ಹೋಗಿದ್ದರು. ಇಸ್ತ್ರಿ ಶರ್ಟು. ಬರುವಾಗ ಕಾಲರ್ ಒದ್ದೆ. ಇವರಿಗೂ ಟೀ ಕೊಟ್ಟರಂತೆ. ಇವರು ಕುಡಿದರಂತೆ. ಉತ್ತರ ಅದೇ.

ಅಲ್ಲಿಂದ ನೇರ ಮರ್ಫಿ ಟೌನಿಗೆ ನಡೆದುಕೊಂಡೇ ಹೋಗಿ ಬೈಲಪ್ಪನವರನ್ನ ಕಂಡರಂತೆ. ಇದನ್ನ ನಾನು ನಂಬೋಕೆ ಸ್ವಲ್ಪ ಹೊತ್ತು ಹಿಡೀತು. ಮ್ಯಾಚು ಆಡೋ ಹಾಗಿಲ್ಲ ಅಂತ ರೂಲ್ಸಿದೆ, ನನ್ನ ಗ್ರೌಂಡಲ್ಲಿ ಓಡೋ ಹಾಗಿಲ್ಲ ಅಂತ ಯಾವ ರೂಲ್ಸೂ ಇಲ್ಲ, ಬರಲಿ ಅಂದರಂತೆ ಬೈಲಪ್ಪ. ಏಪ್ರಿಲ್‌ವರೆಗೂ ಮ್ಯಾಚಿಲ್ಲ. ಬರೀ ಧೂಳು.

ರೊಟ್ಟಿ ತಟ್ಟೋಳ ಮುಂದೆ ಕೂತು, ನೀನೇ ಹೇಳು ಅಂದೆ. ಇಷ್ಟು ದಿನದಲ್ಲಿ ಅವಳನ್ನ ಕೇಳಿದ್ದು ಇದೇ ಮೊದಲು. ಮ್ಯಾಚಿಲ್ದೆ ಸುಮ್ನೆ ಹೋಗಿ ಏನು ಮಾಡ್ತೀಯ, ಮಾರ್ಚಲ್ಲಿ ಪರೀಕ್ಷೆ ಬೇರೆ ಅಂತಾನೂ ಅಂದೆ.

“ಪರವಾಗಿಲ್ಲ ಅಮ್ಮ. ಅಲ್ಲಿ ಬಯ್ತಾರೆ. ಜೂಬಿಲೀಲಿ ನನ್ನ ಯಾರೂ ಬಯ್ಯೋದೂ ಇಲ್ಲ.”

ಒಲೆ ಕಡೆ ತಿರುಗಿದಳು. ಅತ್ತೆ ಏನೋ ಹೇಳೋಕೆ ಬಾಯಿ ತೆಗೆದವರು ಎಲೆ ಅಡಿಕೆ ಹಾಕಿಕೊಂಡರು.

೧೩-೨-೭೭, ಭಾನುವಾರ

ಬರೆಯೋಕೆ ಪುರುಸೊತ್ತೇ ಇಲ್ಲ. ವಾರವಾರ ಅದೇ ಬಸ್ಸು, ಅದೇ ಕಲ್ಲು. ಇವತ್ತು ಬೈಲಪ್ಪನವರ ಟೀಮು ಮ್ಯಾಚಿಗೆ ಇಳಿಯಿತು, ಮುನಿ ಅವರ ಚಪ್ಪಲಿ ಕಾಯ್ತಾ ಕೂತಳು. ನನಗೆ ತಡೆಯೋಕಾಗಲಿಲ್ಲ. ಇಲ್ಲೂ ಗೆರೆ ಆಚೆಗೇ ಕೂತೆಯಲ್ಲೇ ಅಂದೆ. ನನ್ನ ಮೇಲೇ ರೇಗಿದಳು.

ಇವಳ ಗಣಿತ ಹಾಳಾಗಿದೆ. ನನ್ನ ಸೊಂಟ ಹಾಳಾಗಿದೆ. ಯಾವ ಘನಂದಾರಿ ಕೆಲಸಕ್ಕೋ.

೨೪-೪-೭೭, ಭಾನುವಾರ, ಸಂಜೆ

ಮುನಿಯ ಮೊದಲ ಮ್ಯಾಚು. ಲೀಗ್ ಶುರುವಾಗೋಕೆ ಮುಂಚೆ ಸುಮ್ಮನೆ ಆಡೋದಂತೆ, ಇನ್ನೂ ಯಾರ ಹೆಸರೂ ಬರೆಸಿಲ್ಲ. ಎದುರಾಳಿ ಜೂಬಿಲಿ. ಬೇರೆ ಯಾರೂ ಸಿಗಲಿಲ್ಲವೇನೋ ಶುರು ಮಾಡೋಕೆ.

ನಮ್ಮವರು ಸೋತರು. ಎರಡು ಸೊನ್ನೆ. ಜೂಬಿಲಿಯವರು ಚೆನ್ನಾಗೇ ಆಡಿದರು, ಸುಳ್ಳು ಯಾಕೆ ಬರೀಲಿ. ಮುನಿ ಓಡಿದಳು, ಅಡ್ಡ ಹೋದಳು, ಅವರನ್ನ ನಿಂತಲ್ಲಿ ನಿಲ್ಲೋಕೆ ಬಿಡಲಿಲ್ಲ. ಗೋಲಿನ ಬಾಯಿಗೆ ಬಂದ ಒಂದು ಚೆಂಡನ್ನ ಕಂಬದ ಮೇಲಿಂದ ಆಚೆ ಹೊಡೆದಳು. ಒಂದು ವರ್ಷ ಬಸ್ಸಲ್ಲಿ ನಿಂತದ್ದು ಈ ಒದೆತಕ್ಕಾ ಅನ್ನಿಸಿ ನನಗೆ ಎಂಥ ಸಿಟ್ಟು ಬಂತು. ಬೈಲಪ್ಪನವರಿಗೆ ಇನ್ನೂ ಜಾಸ್ತಿ. ಎಲ್ಲರೆದುರಿಗೆ ಬಯ್ದರು. ಇವಳು ಸೊಂಟದ ಮೇಲೆ ಕೈ ಇಟ್ಟು, ಏದುಸಿರು ಬಿಡ್ತಾ, ಹೂಂ ಹೂಂ ಅಂತ ಕೇಳಿಸಿಕೊಂಡಳು.

ಮುಗಿದ ಮೇಲೆ ಆ ಸೆಕ್ರೆಟರಿ ನನ್ನ ಹತ್ತಿರ ಬಂದರು. ಅದೇ ಮರ್ಯಾದೆ. ಹುಡುಗಿ ಇಂಪ್ರೂವ್ ಆಗಿದ್ದಾಳೆ, ಈ ಸಲ ಸೀಸನ್ನಿಗೆ ನಮ್ಮಲ್ಲಿ ಜಾಗ ಇದೆ, ಖಂಡಿತ ಇಳಿಸ್ತೀವಿ, ಹೆಸರು ಕೊಡೋಕೆ ಇನ್ನೂ ಒಂದು ವಾರ ಇದೆ ಅಂದರು. ಹೇಳೋಕೆ ನನ್ನ ಹತ್ತಿರ ಒಂದು ವರ್ಷದ ಮಾತಿತ್ತು. ಅಲ್ಲಿದ್ದಾಳೆ, ಅವಳನ್ನೇ ಕೇಳಿ ಅಂದೆ.

ಹೋದರು. ದೂರದಿಂದ ನೋಡ್ತಿದ್ದೆ. ಅವರು ಏನೋ ಹೇಳಿದರು, ಮುನಿ ಬೂಟಿನ ದಾರ ಬಿಚ್ಚುತ್ತಾ ಏನೋ ಅಂದಳು. ಚಿಕ್ಕ ಮಾತು. ಅವರು ವಾಪಸ್ಸು ನನ್ನ ಮುಂದೆಯೇ ಹೋದರು, ನನ್ನ ಕಡೆ ನೋಡದೆ.

ಏನಂದೆ ಅಂತ ಬಸ್ಸಲ್ಲಿ ಕೇಳಿದೆ. ಬಿಡಮ್ಮ ಅಂದಳು. ಆಮೇಲೆ ಊರು ಬರೋವರೆಗೂ ಆ ತಪ್ಪಿಹೋದ ಗೋಲಿನ ಕಥೆ. ಕಾಲು ಹೀಗಿಡಬೇಕಿತ್ತು, ಎಡಗಡೆ ಇದ್ದವಳಿಗೆ ಕೊಡಬೇಕಿತ್ತು, ಮುಂದಿನ ಭಾನುವಾರ ನೋಡು. ಅರ್ಧ ನನಗೆ ಅರ್ಥ ಆಗಲಿಲ್ಲ. ನಿಂತೇ ಬಂದದ್ದು, ಇಬ್ಬರೂ.

ಈಗ ಜಗುಲಿ ಮೇಲೆ ಅವರಪ್ಪ ಕೇಳ್ತಿದ್ದಾರೆ, ಸೆಕ್ರೆಟರಿಗೆ ಏನು ಹೇಳಿದೆ ಅಂತ. ಅವರಿಗೆ ಹೇಳ್ತಿದ್ದಾಳೆ. ಅತ್ತೆ ಕೂಡ ಒರಳು ನಿಲ್ಲಿಸಿದರು. ನನಗೆ ಇಲ್ಲಿಗೆ ಸರಿಯಾಗಿ ಕೇಳಿಸ್ತಿಲ್ಲ, ಸ್ವಲ್ಪ ಎದ್ದು ಹೋಗಿ —